ತೊಳೆಯದ ರೀಲು

ರೋಜಾ ಬಡಾವಣೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸಲಾವುದ್ದೀನನನ್ನು ಜನ ಅರೆಹುಚ್ಚ ಎನ್ನುತ್ತಿದ್ದರು. ಆಡುವ ಬಾಯಿಗೆ ಅಡ್ಡಿಯುಂಟೇ! ಗಿರಾಕಿಗಳ ಫೋಟೋ ತೆಗೆಯಲು ಆಳಿಟ್ಟು, ತಾನು ಮಾತ್ರ ಕ್ಯಾಮೆರಾ ಹೆಗಲಿಗೇರಿಸಿ ಕಲಬುರಗಿಯ ಪಾಳು ಕಟ್ಟಡಗಳನ್ನು ಹುಡುಕಿ ಹೋಗುತ್ತಿದ್ದ. ಬೀಗ ಬಿದ್ದ ಹತ್ತಿ ಗಿರಣಿ, ಐವಾನ್-ಎ-ಶಾಹಿ ಕಡೆಯ ಖಾಲಿ ಬಂಗಲೆ, ತಗಡು ಹಾರಿದ ಟಾಕೀಸು. ಯಾರೂ ಇಲ್ಲದ ಮಾಳಿಗೆಯತ್ತ ನೋಡಿ, "ಎಲ್ಲಾರೂ ಕೆಳಗ ಇಳೀರಿ" ಎಂದು ಕೂಗುತ್ತಿದ್ದ. ಇಳಿಯುವಷ್ಟು ಹೊತ್ತು ಕಾದು, ಆಮೇಲೆ ಬಟನ್ ಒತ್ತುತ್ತಿದ್ದ. ಹಾಗೆ ಒಂದು ಫೋಟೋ ತೆಗೆದ ದಿನ ಮಾತ್ರ ಅವನಿಗೆ ನಿದ್ದೆ ಹತ್ತುತ್ತಿತ್ತು.

1987ರಲ್ಲಿ ನಡೆದದ್ದು ಗೊತ್ತಿದ್ದವರು ಯಾರೂ ನಗುತ್ತಿರಲಿಲ್ಲ. ಕಮಲಾಪುರದ ಕಸ್ತೂರಿಬಾಯಿಯ ಹಿರಿಮಗಳ ಮದುವೆ. ಅಂಗಳದ ತುಂಬ ಹಂದರ, ಮನೆಯೊಳಗೆ ಕತ್ತಲು. ಬೆಳಕು ಬೇಕೆಂದು ಸಲಾವುದ್ದೀನನೇ ಬೀಗರನ್ನೂ ಮನೆಯವರನ್ನೂ ಮಣ್ಣಿನ ಮಾಳಿಗೆಗೆ ಹತ್ತಿಸಿ, ತಾನು ಎದುರುಮನೆಯ ಮೇಲೆ ನಿಂತ. ಹಿಂದಿನ ದಿನದ ಮಳೆಗೆ ಮಾಳಿಗೆ ನೆನೆದಿತ್ತು. ತೊಲೆ ಕಿರ್ರೆಂದಿತು, ಜನ ಮಿಸುಕಿದರು. "ಯಾರೂ ಅಲುಗಾಡಬ್ಯಾಡ್ರೀ!" ಎಂದು ಗದರಿಸಿ ಬಟನ್ ಒತ್ತಿದ. ಮರುಕ್ಷಣ ಮಾಳಿಗೆ ಕುಸಿಯಿತು. ಹಲವರ ಕೈಕಾಲು ಮುರಿದವು, ಕಸ್ತೂರಿಬಾಯಿಯ ಕಾಲೂ. ಜೀವ ಹೋದದ್ದು ಅವಳ ಕಿರಿಮಗಳದು, ಹನ್ನೆರಡು ವರ್ಷದ ಮುಕ್ತಾಳದು.

ತನ್ನ ಮಾತು ಕೇಳಿ ಕದಲದೆ ನಿಂತೇ ಆ ಹುಡುಗಿ ಸತ್ತಳೆಂಬುದು ಅವನ ಎದೆಯಲ್ಲಿ ಮೊಳೆಯಾಗಿ ಕೂತಿತು. ಅಂದಿನಿಂದ ಮನುಷ್ಯರತ್ತ ಕ್ಯಾಮೆರಾ ಎತ್ತಲಿಲ್ಲ. ಆ ರೀಲನ್ನು ತೊಳೆದು ಫೋಟೋ ಮಾಡಲೂ ಇಲ್ಲ, ಎಸೆಯಲೂ ಇಲ್ಲ.

ಹನ್ನೆರಡು ವರ್ಷಕ್ಕೆ, ಊರ ಪಾಳುಗಳೆಲ್ಲ ಮುಗಿದ ಮೇಲೆ, ಕಮಲಾಪುರದ ಬಸ್ಸು ಹತ್ತಿದ. ಬಿದ್ದ ಮನೆ ಬಿದ್ದಂತೆಯೇ ಇತ್ತು, ಒಳಗೆ ಜಾಲಿ ಬೆಳೆದಿತ್ತು. ಮೋಟುಗೋಡೆಯೆದುರು ನಿಂತು, "ಎಲ್ಲಾರೂ ಕೆಳಗ ಇಳೀರಿ" ಎಂದ.

"ಅವತ್ತ ಯಾಕ ಹಿಂಗ ಅನ್ನಲಿಲ್ರೀ ಸಾಹೇಬ್ರ?"

ಹಿಂದೆ ಕಸ್ತೂರಿಬಾಯಿ ಕೋಲೂರಿ ನಿಂತಿದ್ದಳು. ಸಲಾವುದ್ದೀನ ಕ್ಯಾಮೆರಾ ಕೆಳಗಿಳಿಸಿದ. ಚಪ್ಪಲಿಯಲ್ಲಿ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಆಕೆ ಮುಂದೆ ಬೈಯಲಿಲ್ಲ.

"ಆ ಫೋಟೋ ಏನಾತ್ರೀ? ನನ್ನ ಮುಕ್ತಾಂದು ಬ್ಯಾರೆ ಒಂದೂ ಇಲ್ಲ. ಮಾರಿ ಮರತ ಹೊಂಟದ."

ತನ್ನ ಹೆದರಿಕೆಗೆ ಒಬ್ಬ ತಾಯಿಗೆ ಮಗಳ ಮುಖವನ್ನೇ ತಪ್ಪಿಸಿದ್ದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು.

ಮರುದಿನ ಕಸ್ತೂರಿಬಾಯಿಯನ್ನು ಕರೆಸಿಕೊಂಡು ರೀಲು ತೊಳೆದ. ಸ್ಟುಡಿಯೋದ ಕೆಂಪು ಬಲ್ಬಿನಡಿ, ಔಷಧದ ನೀರಿನಲ್ಲಿ ಕಾಗದದ ಮೇಲೆ ಮುಖಗಳು ಮೆಲ್ಲಗೆ ಮೂಡಿದವು. ಎಲ್ಲರೂ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದರು. ಒಬ್ಬಳು ಮಾತ್ರ, ಎರಡು ಜಡೆಯವಳು, ಮುಖದ ಒಂದು ಬದಿ ಕಾಣುವಂತೆ ಓಡಲು ತಿರುಗಿದ್ದಳು.

"ಎಂದರ ಒಂದ ದಿನ ಮಾತು ಕೇಳ್ಯಾಳೇನ್ರೀ ಇಕಿ!" ಕಸ್ತೂರಿಬಾಯಿ ಅಳುತ್ತಲೇ ನಕ್ಕಳು.

ಸಲಾವುದ್ದೀನನ ಎದೆ ಹಗುರಾಗಬೇಕಿತ್ತು. ಅಷ್ಟರಲ್ಲಿ ಹುಡುಗಿಯ ರಟ್ಟೆ ಕಣ್ಣಿಗೆ ಬಿತ್ತು. ಅದನ್ನು ಬಳೆ ತುಂಬಿದ ಕೈಯೊಂದು ಗಟ್ಟಿಯಾಗಿ ಹಿಡಿದು ನಿಲ್ಲಿಸಿತ್ತು. ಪಕ್ಕದಲ್ಲಿದ್ದವಳು ತಾಯಿ. ಕಣ್ಣೊರೆಸಿಕೊಂಡು ಕಸ್ತೂರಿಬಾಯಿ ಮತ್ತೆ ಬಾಗುವುದರೊಳಗೆ ಅವನು ಬಿಳಿ ದೀಪ ಹಾಕಿಬಿಟ್ಟ. ಕಾಗದ ಪೂರಾ ಕಪ್ಪಾಯಿತು.

"ತಪ್ಪಾತ್ರೀ ಅವ್ವಾ," ಎಂದ. "ನನ್ನದೇ ತಪ್ಪು."

ಮತ್ತೆ ಕೆಂಪು ಬಲ್ಬು ಹಾಕಿ, ಅದೇ ರೀಲಿನಿಂದ ಮುಕ್ತಾಳ ಮುಖವಷ್ಟನ್ನೇ ದೊಡ್ಡದು ಮಾಡಿ ಇನ್ನೊಂದು ಫೋಟೋ ಮಾಡಿಕೊಟ್ಟ.