ಸೊಣ್ಣಪ್ಪನವರ ಹೆಗಲ ಮೇಲಿನ ಕೈ

ಮೊನ್ನೆ ಅಂಗಡಿಗೆ ಬಂದ ಕಾಲೇಜು ಹುಡುಗಿಯೊಬ್ಬಳು ತನ್ನ ಫೋಟೊದ ಹಿಂದಿದ್ದ ಬಿಳಿ ಗೋಡೆಯನ್ನು ಮೊಬೈಲಿನಲ್ಲಿ ಬೆರಳೊತ್ತಿ ಮಾಯ ಮಾಡಿದಳು. ಗೋಡೆ ಹೋಯಿತು, ಅವಳ ಬಿಳಿ ದುಪಟ್ಟಾ ಉಳಿಯಿತು. ನಾನು ಬಾಯಿ ತೆರೆದು ನೋಡುತ್ತಿದ್ದೆ. "ಇದನ್ನ ನೋಡೇ ಇಲ್ವಾ ಅಂಕಲ್?" ಎಂದಳು. ಮುಳಬಾಗಿಲಿನಲ್ಲಿ ಮೊದಮೊದಲು ಡಿಟಿಪಿ ಅಂಗಡಿ ತೆರೆದವರಲ್ಲಿ ನಾನೂ ಒಬ್ಬ ಎಂದು ಹೇಳಿ ನಗೆಪಾಟಲಾಗುವುದು ಬೇಡವೆಂದು ಪ್ರಿಂಟರಿಗೆ ಕಾಗದ ತುಂಬಿದೆ.

ನಮ್ಮದು ಪೂಜೆ, ಪಂಚಾಂಗದ ಮನೆ. ಮಂತ್ರ ನಾಲಿಗೆಗೆ ಹತ್ತದ ನಾನು ಕೋಲಾರದಲ್ಲಿ ಕಂಪ್ಯೂಟರ್ ಕಲಿತು ಬಂದು ಬಸ್ ಸ್ಟ್ಯಾಂಡಿನ ಹಿಂದೆ ಅಂಗಡಿಯಿಟ್ಟೆ. ಫೋಟೊ ತಿದ್ದುವ ಸಾಫ್ಟ್‌ವೇರಿನಲ್ಲಿ ಮ್ಯಾಜಿಕ್ ವ್ಯಾಂಡ್ ಎಂಬುದೊಂದಿತ್ತು. ಅದನ್ನು ಬಿಳಿಯ ಮೇಲೆ ತಾಗಿಸಿ ಅಳಿಸಿದರೆ ಬಿಳಿಯಿದ್ದ ಕಡೆಯೆಲ್ಲ ಚಿತ್ರ ಗಾಜಿನಂತಾಗಿ, ಹಿಂದೆ ಏನಿಟ್ಟರೂ ಕಾಣುತ್ತಿತ್ತು. ಮಂತ್ರದ ಕೋಲು ಎಂದು ಅಪ್ಪನಿಗೆ ವಿವರಿಸಿದೆ. "ಅಂತೂ ಮಂತ್ರ ನಿನ್ನ ಬಿಡಲಿಲ್ಲ ಕಣೋ" ಎಂದರು. ಹೊಗಳಿದರೋ ಹಂಗಿಸಿದರೋ ಇವತ್ತಿಗೂ ತಿಳಿಯದು.

ಆ ಕೋಲಿಗೆ ಗೋಡೆಯ ಬಿಳಿ ಯಾವುದು, ಬಟ್ಟೆಯ ಬಿಳಿ ಯಾವುದು ಎಂಬ ಭೇದ ಗೊತ್ತಿರಲಿಲ್ಲ. ನಮ್ಮ ಸೀಮೆಯಲ್ಲೋ, ಮನುಷ್ಯ ನಾಯಕನಾಗುವ ಮೊದಲ ಲಕ್ಷಣವೇ ಬಿಳಿ ಬಟ್ಟೆ. ಊರಿಗೆ ಕುಡಿಯುವ ನೀರು ಬರದಿದ್ದರೂ ನಾಯಕರ ಅಂಗಿ ಒಗೆಯಲು ಎಲ್ಲಿಂದಲೋ ನೀರು ಬರುತ್ತಿತ್ತು.

ಇಂಥ ಬಿಳಿ ಅಂಗಿ, ಬಿಳಿ ಪಂಚೆಯ ಸೊಣ್ಣಪ್ಪನವರು ಒಂದು ದಿನ ಫೋಟೊ ಹಿಡಿದು ಬಂದರು. ತಾಲ್ಲೂಕು ಪಂಚಾಯ್ತಿ ಚುನಾವಣೆಗೆ ನಿಂತಿದ್ದರು, ಫ್ಲೆಕ್ಸ್ ಬೇಕಿತ್ತು. ಫೋಟೊದಲ್ಲಿ ಸುಣ್ಣದ ಗೋಡೆಯ ಮುಂದೆ ಅವರೂ ಅವರ ತಮ್ಮ ಚಲಪತಿಯೂ ನಗುತ್ತ ನಿಂತಿದ್ದರು. ಇಬ್ಬರದೂ ಬಿಳಿ ಬಟ್ಟೆ. ತಮ್ಮನ ಕೈ ಅಣ್ಣನ ಹೆಗಲ ಮೇಲಿತ್ತು. ಅದು ತಂಗಿಯ ಮದುವೆಯ ಫೋಟೊ. ಆಮೇಲೆ ಊರ ಹಾಲಿನ ಡೇರಿಗೆ ಯಾರು ಅಧ್ಯಕ್ಷ ಎಂಬ ಜಗಳದಲ್ಲಿ ಇಬ್ಬರಿಗೂ ಮಾತು ನಿಂತಿತ್ತು.

"ಸ್ವಾಮಿ, ಇವನನ್ನ ತೆಗ್ದಾಕಿ. ಹಿಂದೆ ಮಾವಿನ ತೋಪು ಹಾಕಿ."

"ಬೇರೆ ಫೋಟೊ ಇಲ್ವಾ ಸೊಣ್ಣಪ್ಪನೋರೆ?"

"ಬೇರೇದ್ರಲ್ಲೆಲ್ಲ ಮುಖ ಗಂಟಾಕ್ಕೊಂಡಿದ್ದೀನಿ. ನಕ್ಕಿರೋದು ಇದೊಂದ್ರಲ್ಲೇ."

ಫೋಟೊ ಸ್ಕ್ಯಾನ್ ಮಾಡಿ ಕೋಲು ತಾಗಿಸಿದೆ. ಗೋಡೆಯ ಜೊತೆಗೆ ಇಬ್ಬರ ಮೈಯೂ ಹೋಯಿತು. ಶ್ರೀನಿವಾಸಪುರದ ಕಡೆಯ ಮಾವಿನ ತೋಪೊಂದರಲ್ಲಿ ಎರಡು ತಲೆ, ನಾಲ್ಕು ಕೈ ನೇತಾಡಿದವು. ಪಕ್ಕದಲ್ಲೇ ಕುಳಿತಿದ್ದ ಸೊಣ್ಣಪ್ಪನವರು, "ಏಮಿ ಸ್ವಾಮಿ ಇದಿ, ನನ್ ಬಟ್ಟೆ ಎಲ್ಲಿ?" ಎಂದು ತೆಲುಗು ಬೆರೆಸಿ ಕೇಳುತ್ತ ಮೈಮೇಲಿನ ಅಂಗಿಯನ್ನೊಮ್ಮೆ ಮುಟ್ಟಿ ನೋಡಿಕೊಂಡರು.

ಕೊನೆಗೆ ಮೌಸ್ ಹಿಡಿದು ಸೊಣ್ಣಪ್ಪನವರ ಮೈಯಂಚನ್ನು ಕೈಯಲ್ಲೇ ಗೀಚಿ ಬಿಡಿಸಿದೆ. ತಮ್ಮ ಹೋದ, ಅವನ ಕೈ ಮಾತ್ರ ಹೋಗಲಿಲ್ಲ. ಬೆರಳು ಅಳಿಸಿದರೆ ಅಣ್ಣನ ಹೆಗಲು ತೂತಾಗಿ ಮಾವಿನೆಲೆ ಕಾಣುತ್ತಿತ್ತು. ತೂತು ಮುಚ್ಚುವಷ್ಟು ವಿದ್ಯೆ ನನಗೆ ಹತ್ತಿರಲಿಲ್ಲ. "ಇರ್ಲಿ ಬಿಡಿ, ಅಷ್ಟೆತ್ತರದಲ್ಲಿ ಯಾರು ನೋಡ್ತಾರೆ" ಎಂದರು.

ಎಲ್ಲರೂ ನೋಡಿದರು. ಆ ಕೈ ಕಂಟ್ರಾಕ್ಟರನದೆಂದು ಕೆಲವರು, ಪೊಲೀಸರದೆಂದು ಕೆಲವರು ಟೀ ಅಂಗಡಿಯಲ್ಲಿ ವಾದಿಸಿದರು. ಅದೇ ವಾರ ಚಲಪತಿ ಅಂಗಡಿಯೊಳಗೆ ಬಂದು ನಿಂತ.

"ಆ ಕೈ ನಂದು ಸ್ವಾಮಿ. ಉಂಗುರ ನೋಡಿ. ನಮ್ಮಮ್ಮ ಮಾಡ್ಸಿದ್ದು."

ಇನ್ನೇನು ಕಾದಿದೆಯೋ ಎಂದು ನಾನು ಕುರ್ಚಿ ತೋರಿಸಿದೆ. ಅವನು ಕುಳಿತು ದನಿ ತಗ್ಗಿಸಿದ. "ನಾನೂ ಎಲೆಕ್ಷನ್‌ಗೆ ನಿಂತಿದೀನಿ. ನಂಗೂ ಅದೇ ಫೋಟೊದಲ್ಲಿ ಮಾಡ್ಕೊಡಿ. ಅವ್ನನ್ನ ತೆಗೀರಿ. ನಾನು ಚೆನ್ನಾಗಿ ಕಾಣೋದೂ ಅದ್ರಲ್ಲೇ."

ಮಾಡಿಕೊಟ್ಟೆ. ಅಣ್ಣ ಹೋದ ಮೇಲೆ ತಮ್ಮನ ತೋಳು ಯಾರ ಹೆಗಲೂ ಇಲ್ಲದೆ ಗಾಳಿಯಲ್ಲಿ ಚಾಚಿಕೊಂಡಿತು. ಬಸ್ ಸ್ಟ್ಯಾಂಡಿನ ಆಚೆ ಬದಿಗೆ ಒಂದು ಫ್ಲೆಕ್ಸ್, ಈಚೆ ಬದಿಗೆ ಇನ್ನೊಂದು. ಬಸ್ಸಿನ ಜನ ಆ ಕಿಟಕಿಗೊಮ್ಮೆ ಈ ಕಿಟಕಿಗೊಮ್ಮೆ ವಾಲಿ ನಕ್ಕರು. ಫ್ಲೆಕ್ಸಿನ ಮೇಲೆ 'ಅಭಿವೃದ್ಧಿಯ ಹರಿಕಾರ' ಎಂದು ಬರೆಸಿಕೊಂಡಿದ್ದ ಇಬ್ಬರೂ ಸೋತರು. ಫ್ಲೆಕ್ಸನ್ನೇ ಕಟ್ಟಿಸದ ಮೂರನೆಯವನು ಗೆದ್ದ. ಅವನು ಅಭಿವೃದ್ಧಿ ಮಾಡಿದನೆಂದುಕೊಳ್ಳಬೇಡಿ. ಬಿಳಿ ಬಟ್ಟೆ ಹೊಲಿಸಿದ.

ಈ ಕಥೆಯನ್ನು ನಾನು ವರ್ಷಗಟ್ಟಲೆ ಹೇಳಿಕೊಂಡು ನಗಿಸಿದ್ದೇನೆ. ಮಾಲೂರಿನ ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತರೆ ಪಾಯಸಕ್ಕೆ ಮೊದಲು ಇದನ್ನು ಕೇಳುತ್ತಿದ್ದರು. ಅಣ್ಣತಮ್ಮಂದಿರು ಮಾತ್ರ ಒಂದಾಗಲಿಲ್ಲ. ಹೀಗಿರುವಾಗ ಈಚೆಗೆ ಸೊಣ್ಣಪ್ಪನವರು ತೀರಿಕೊಂಡರು. ಮೊನ್ನೆ ಆ ಕಾಲೇಜು ಹುಡುಗಿ ಬಂದ ದಿನವೇ ಸಂಜೆ ಚಲಪತಿ ಬಂದ. ಕೂದಲೂ ಬಟ್ಟೆಯಷ್ಟೇ ಬೆಳ್ಳಗಾಗಿತ್ತು.

"ಶ್ರದ್ಧಾಂಜಲಿ ಫ್ಲೆಕ್ಸ್ ಮಾಡ್ಬೇಕು ಸ್ವಾಮಿ. ಮದುವೆ ಫೋಟೊ ಮನೇಲಿಲ್ಲ. ಅಣ್ಣ ಹರಿದ್ನೋ ನಾನ್ ಹರಿದ್ನೋ ಗ್ಯಾಪ್ನ ಇಲ್ಲ. ನಿಮ್ ಹತ್ರ ಇದ್ಯಾ?"

ಇತ್ತು. ಹಳೆಯ ಸ್ಕ್ಯಾನನ್ನು ಪರದೆಯ ಮೇಲೆ ತೆರೆದೆ. ಅವನು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಇಬ್ಬರ ಸುತ್ತ ಒಂದೇ ಗೆರೆ ಎಳೆದು ಗೋಡೆಯನ್ನು ಅಳಿಸಿದೆ. ಯಾರ ಅಂಗಿ ಎಲ್ಲಿ ಮುಗಿಯಿತೆಂದು ತೀರ್ಮಾನಿಸುವ ಅಗತ್ಯವೇ ಬೀಳಲಿಲ್ಲ. ಕೆಲಸ ಬೇಗ ಮುಗಿಯಿತು.

"ಕೆಳಗೆ ನನ್ ಹೆಸರು ಹಾಕಿ. ಮುಂದೆ, ತಾಲ್ಲೂಕು ಪಂಚಾಯ್ತಿ ಆಕಾಂಕ್ಷಿ ಅಂತ."

ನಗು ಗಂಟಲಿಗೆ ಬಂತು. ತಡೆದು ಟೈಪ್ ಮಾಡಿದೆ. ಅವನು ಪರದೆಯ ಹತ್ತಿರ ಬಗ್ಗಿ ಓದಿದ. "ಆ ಸಾಲು ಬೇಡ ಸ್ವಾಮಿ, ತೆಗೀರಿ" ಎಂದ. ತೆಗೆದೆ. ಕಣ್ಣೊರೆಸಿಕೊಂಡು ಎದ್ದು, ಚಪ್ಪಲಿ ಮೆಟ್ಟಿ ರಸ್ತೆಗಿಳಿದ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ತೆಗೀಬೇಡಿ. ಚಿಕ್ಕದು ಮಾಡಿ."

ಚಿಕ್ಕದು ಮಾಡಿದೆ. ಆಮೇಲೆ ಟೀ ಅಂಗಡಿಗೆ ಹೋದೆ. ಸ್ನೇಹಿತರೆಲ್ಲ ಇದ್ದರು, ಏನು ಸಮಾಚಾರ ಎಂದೂ ಕೇಳಿದರು. ನನ್ನ ಹಳೆಯ ಕಥೆಗೆ ಹೊಸ ಕೊನೆ ಸಿಕ್ಕಿತ್ತು, ಆದರೂ ಈ ಸೆಕೆ ಯಾವಾಗ ಇಳಿಯುತ್ತದೋ ಎಂದೆ.