ಅಳಿಸಬೇಕಿದ್ದ ದನಿ

ಹಾಡು ಮಾರುವವನು ಮೊದಲು ಕಲಿಯಬೇಕಾದ್ದು ಸುಮ್ಮನಿರುವುದನ್ನು. ಟ್ಯೂನ್ ಕೇಳಿಸಿದ ಮೇಲೆ ಬಾಯಿ ಬಿಡಬೇಡಿ. ಗಿರಾಕಿ ತಲೆ ಆಡಿಸಲಿ, ಇನ್ನೊಂದು ಸಲ ಹಾಕಿ ಅನ್ನಲಿ, ಆಮೇಲೆ ಮಾತು. ಇದನ್ನು ನಾನು ಯಾವ ಸಂಗೀತ ಶಾಲೆಯಲ್ಲೂ ಕಲಿಯಲಿಲ್ಲ, ಗುಬ್ಬಿ ಸಂತೆಯಲ್ಲಿ ಕಲಿತೆ. ಸೀರೆ ಅಂಗಡಿ, ಪಾತ್ರೆ ಅಂಗಡಿಗಳಿಗೆ ಪ್ರಾಸ ಕಟ್ಟಿ, ನನ್ನದೇ ಗಂಟಲಲ್ಲಿ ಹಾಡಿ, ಆಟೋಗೆ ಮೈಕು ಕಟ್ಟಿ ಊರು ಸುತ್ತುತ್ತಿದ್ದ ಕಾಲ ಅದು. ಅಲ್ಲಿಂದ ಆರ್ಕೆಸ್ಟ್ರಾ, ಆಮೇಲೆ ಕ್ಯಾಸೆಟ್ಟು, ಸಿ.ಡಿ. ಈಗ ಎಲ್ಲವೂ ಫೋನಿನೊಳಗೆ.

ತುಮಕೂರಿನ ಸದಾಶಿವನಗರದಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯೇ ನನ್ನ ಸ್ಟುಡಿಯೊ. ಗೋಡೆಗೆಲ್ಲ ತೆಂಗಿನ ನಾರಿನ ಹಾಸು ಹೊಡೆಸಿದ್ದೇನೆ. ದುಬಾರಿ ಫೋಮ್ ಕೊಂಡರೆ ಅದನ್ನು ಮಾರಿದವನು ಉದ್ಧಾರವಾಗುತ್ತಾನೆ, ನಾರು ಹೊಡೆಸಿದರೆ ನೀವು. ಕುಕ್ಕರಿನ ಸೀಟಿ ಮಾತ್ರ ನಾರನ್ನೂ ದಾಟಿ ಬರುತ್ತದೆ. ಹಾಗಾಗಿ ರೆಕಾರ್ಡಿಂಗಿನ ಹೊತ್ತು ಗೊತ್ತು ಮಾಡುವ ಮುಂಚೆ ಹೆಂಡತಿಯನ್ನು ಒಂದು ಮಾತು ಕೇಳುತ್ತೇನೆ.

ನಮ್ಮ ಕಸುಬಿನಲ್ಲಿ ಟ್ರ್ಯಾಕ್ ಹಾಡುವುದು ಅಂತ ಒಂದು ಪದ್ಧತಿ ಇದೆ. ಹೆಸರಾಂತ ಗಾಯಕರು ಬಂದು ಟ್ಯೂನ್ ಕಲಿಯುತ್ತಾ ಕೂರುವುದಿಲ್ಲ. ಮೊದಲೇ ಇನ್ನೊಬ್ಬರಿಂದ ಪೂರ್ತಿ ಹಾಡಿಸಿ ಇಟ್ಟಿರಬೇಕು. ಅವರು ಅದನ್ನು ಕಿವಿಯಲ್ಲಿ ಹಾಕಿಕೊಂಡು ಅದರ ಮೇಲೇ ಹಾಡಿ ಹೋಗುತ್ತಾರೆ, ನಾವು ಹಳೆಯ ದನಿಯನ್ನು ಅಳಿಸುತ್ತೇವೆ. ಟ್ರ್ಯಾಕ್ ಹಾಡುವವರಿಗೆ ಒಂದೇ ನಿಯಮ: ಸಪ್ಪೆಯಾಗಿ ಹಾಡಬೇಕು. ಗಮಕ ಬೇಡ, ಕೊಂಕು ಬೇಡ, ನಿಮ್ಮತನವೂ ಬೇಡ. ಮುಂದೆ ಬರುವವರಿಗೆ ದಾರಿ ಕಂಡರೆ ಸಾಕು.

ನನಗೆ ಆರು ವರ್ಷ ಟ್ರ್ಯಾಕ್ ಹಾಡಿದವರು ಕುಣಿಗಲ್‌ನ ಒಬ್ಬ ಹೈಸ್ಕೂಲ್ ಟೀಚರ್. ಇರುವುದು ಕೊತ್ತಗೆರೆಯಲ್ಲಿ, ಗಂಡನ ಮನೆಯವರು ಬೇಸಾಯಗಾರರು. ಚಿಕ್ಕಂದಿನಿಂದ ಹನ್ನೆರಡು ವರ್ಷ ಶಾಸ್ತ್ರೀಯ ಸಂಗೀತ ಕಲಿತವರು. ಭಾನುವಾರ ಬಸ್ಸಿನಲ್ಲಿ ಬಂದು, ಕಲಿತದ್ದನ್ನೆಲ್ಲ ಗಂಟಲಲ್ಲೇ ತಡೆದುಕೊಂಡು, ಹೇಳಿದ ಹಾಗೆ ಸಪ್ಪೆಯಾಗಿ ಹಾಡಿ ಹೋಗುತ್ತಿದ್ದರು. ಶ್ರುತಿ ಒಂದು ಕೂದಲೆಳೆ ಆಚೀಚೆ ಆಗುತ್ತಿರಲಿಲ್ಲ. ಮೊದಮೊದಲು ಹಾಡು ಬಿಡುಗಡೆ ಆದಾಗ ಮನೆಯಲ್ಲಿ ಹಾಕಿ ತೋರಿಸುತ್ತಿದ್ದರಂತೆ. ಅತ್ತೆ ಪೂರ್ತಿ ಕೇಳಿ, ಇದರಲ್ಲಿ ನಿನ್ನ ದನಿ ಎಲ್ಲವ್ವ ಅಂತ ಕೇಳುವುದು, ಇವರು, ಸ್ಟುಡಿಯೊದಲ್ಲಿ ಅಳಿಸಿದ್ದಾರೆ ಅನ್ನುವುದು. ಅತ್ತೆಗೆ ಅರ್ಥವೇ ಆಗುತ್ತಿರಲಿಲ್ಲ. ಅಳಿಸೋದಕ್ಕೆ ಅಷ್ಟು ದೂರ ಹೋಗಿ ಯಾಕೆ ಹಾಡುತ್ತೀಯ ಅಂತ ಕೇಳಿದ ಮೇಲೆ ಇವರು ತೋರಿಸುವುದನ್ನೇ ಬಿಟ್ಟರು. ಒಂದಾದರೂ ಹಾಡು ನನ್ನ ದನಿಯಲ್ಲಿ ಬರಲಿ ಸಾರ್ ಎಂದು ನನಗೆ ಎರಡು ಸಲ ಹೇಳಿದ್ದರು. ನೋಡೋಣ ಮೇಡಂ ಅಂದಿದ್ದೆ. ನನ್ನಂಥವನು ನೋಡೋಣ ಅಂದರೆ ಏನು ಅಂತ ಅವರಿಗೂ ಗೊತ್ತಿತ್ತು.

ಹೀಗಿರುವಾಗ ಗುಬ್ಬಿಯ ಕೊಬ್ಬರಿ ಮಂಡಿ ಯಜಮಾನರೊಬ್ಬರು ಯೂಟ್ಯೂಬ್ ಚಾನೆಲ್ ಶುರು ಮಾಡಿದರು. ಮೊದಲ ಹಾಡೇ ಎಲ್ಲರ ಬಾಯಲ್ಲಿ ಇರಬೇಕು, ಬೆಂಗಳೂರಿನ ದೊಡ್ಡ ಗಾಯಕಿಯೇ ಹಾಡಬೇಕು ಅಂದರು. ‘ಛತ್ರಿ ಮರೆತು ಬಂದವನೇ, ಮಳೆಗೆ ಯಾಕೆ ಬೈತೀಯ’ ಅಂತ ಪಲ್ಲವಿ ಬರೆದು ಟ್ಯೂನ್ ಕಟ್ಟಿದೆ. ಟೀಚರ್ ಬಂದು ಟ್ರ್ಯಾಕ್ ಹಾಡಿದರು. ದೊಡ್ಡ ಗಾಯಕಿಯ ಡೇಟು ಸಿಗಲಿಲ್ಲ. ಯಜಮಾನರು ದಿನಾ ಫೋನ್ ಮಾಡಿ ತಲೆ ತಿನ್ನತೊಡಗಿದಾಗ, ಸದ್ಯಕ್ಕೆ ಇದನ್ನು ಕೇಳುತ್ತಿರಿ ಅಂತ ಟ್ರ್ಯಾಕನ್ನೇ ವಾಟ್ಸಾಪಿನಲ್ಲಿ ಕಳಿಸಿಬಿಟ್ಟೆ.

ಈ ಕಸುಬಿಗೆ ಬರುವವರು ಬರೆದಿಟ್ಟುಕೊಳ್ಳಿ: ಟ್ರ್ಯಾಕನ್ನು ಸ್ಟುಡಿಯೊದಿಂದ ಹೊರಗೆ ಬಿಡಬಾರದು. ಇಷ್ಟು ವರ್ಷ ಪಳಗಿದ ನಾನೇ ಬಿಟ್ಟೆ. ಯಜಮಾನರು ಎರಡು ತಿಂಗಳು ಅದನ್ನೇ ಮಂಡಿಯಲ್ಲಿ, ಕಾರಿನಲ್ಲಿ, ಮನೆಯಲ್ಲಿ ಹಾಕಿಕೊಂಡು ಓಡಾಡಿದರು. ಕೊನೆಗೆ ಗಾಯಕಿ ಬಂದರು, ಜರಿ ಸೀರೆ ಉಟ್ಟಂತೆ ಅದ್ಭುತವಾಗಿ ಹಾಡಿ ಹೋದರು. ಯಜಮಾನರು ಬಂದು ಕೂತು ಕೇಳಿದರು. ತಲೆ ಆಡಿಸಲಿಲ್ಲ.

“ಕವಿಗಳೇ, ಇದ್ಯಾಕೋ ನಮ್ ಹಾಡು ಅನ್ನುಸ್ತಾ ಇಲ್ಲ ಕಣ್ರೀ. ಮೊದ್ಲು ಕಳ್ಸಿದ್ರಲ್ಲ, ಆ ಹೆಣ್ಮಗಳು ಎಲ್ಲವ್ರೆ?”

“ಅದು ಬರೀ ಟ್ರ್ಯಾಕು, ಯಜಮಾನ್ರೇ. ಅಳಿಸಾಕೋದು.”

“ಅಳಿಸ್ಬುಟ್ಟು ನಮ್ಮನೆವ್ರಿಗೆ ನೀವೇ ಉತ್ರ ಹೇಳಿ. ದಿನಾ ಅಡ್ಗೆ ಮಾಡ್ತಾ ಅದ್ನೇ ಕೇಳ್ತಾವ್ರೆ.”

ಗಾಯಕಿಗೆ ಬೇರೊಂದು ಹಾಡು ಕೊಟ್ಟು ಸಮಾಧಾನ ಮಾಡಿದೆ. ಅವರಿಗೂ ಈ ಹಾಡಿನ ಮೇಲೆ ಅಂಥ ಮೋಹವೇನಿರಲಿಲ್ಲ. ಆಮೇಲೆ ಟೀಚರ್‌ಗೆ ಫೋನ್ ಮಾಡಿ, ನಿಮ್ಮ ದನಿಯೇ ಉಳಿಯುತ್ತಿದೆ ಅಂದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಅದು ನನ್ನ ವಿದ್ಯೆ, ನನ್ನ ಮೇಲೇ ಪ್ರಯೋಗ ಆಗಿದ್ದು ಮೊದಲ ಸಲ.

“ಅದು ನಾನು ಹಾಡಿದ್ದಲ್ಲ ಸಾರ್, ಬೇರೆಯವ್ರಿಗೆ ಗೆರೆ ಎಳ್ಕೊಟ್ಟಿದ್ದು. ನನ್ ಹೆಸ್ರಲ್ಲಿ ಬರೋ ಒಂದೇ ಒಂದು ಹಾಡು ಅದೇ ಆಗ್ಬೇಕಾ? ಹನ್ನೆರಡು ವರ್ಷ ಕಲ್ತಿದ್ದು ಎಲ್ಲಿ ಕಾಣುತ್ತೆ ಅದ್ರಲ್ಲಿ?”

ಬರುವ ಭಾನುವಾರ ಬಂದು ಮತ್ತೆ ಹಾಡುತ್ತೇನೆ ಅಂದರು. ಯಜಮಾನರು ಒಪ್ಪುವುದಿಲ್ಲ ಅಂತ ನಾನು ಹೇಳಲಿಲ್ಲ. ಆರು ವರ್ಷದ ಮುಲಾಜು ಇತ್ತು. ಬಂದರು. ಇಷ್ಟು ದಿನ ತಡೆದಿಟ್ಟಿದ್ದನ್ನೆಲ್ಲ ಬಿಚ್ಚಿ ಹಾಡಿದರು. ಚರಣದ ಕೊನೆಯ ಸಾಲನ್ನು ಬೇರೆ ಬಗೆಯಲ್ಲಿ ತಿರುಗಿಸಿ ಒಂದು ಸಂಗತಿ ಹಾಕಿದರು ನೋಡಿ, ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಇಷ್ಟು ವಿದ್ಯೆಯನ್ನು ಆರು ವರ್ಷ ನಾನೇ ಅಳಿಸುತ್ತಾ ಬಂದೆನಲ್ಲ ಅಂತ ನಾಚಿಕೆಯೂ ಆಯಿತು. ಆದರೆ ಹಾಡು? ಹಾಡು ಮಾತ್ರ ಹಳೆಯದರಲ್ಲೇ ಇತ್ತು. ಛತ್ರಿ ಮರೆತವನನ್ನು ರೇಗಿಸುವ ಹುಡುಗಿ ಅಷ್ಟೊಂದು ಗಮಕ ಹಾಕುವುದಿಲ್ಲ. ಅದನ್ನು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಎರಡನ್ನೂ ಅವರ ಫೋನಿಗೆ ಹಾಕಿಕೊಟ್ಟು, ನೀವೇ ಕೇಳಿ ಹೇಳಿ, ನೀವು ಹೇಳಿದ್ದಕ್ಕೆ ಯಜಮಾನರನ್ನು ನಾನು ಒಪ್ಪಿಸುತ್ತೇನೆ ಅಂದೆ. ಅವರು ಹೊಸದೇ ಇರಲಿ ಅಂದಿದ್ದರೆ ಯಜಮಾನರೂ ಹೋಗುತ್ತಿದ್ದರು, ಹಾಡೂ ಹೋಗುತ್ತಿತ್ತು.

ಮಾರನೇ ದಿನ ಶಾಲೆಯ ಊಟದ ಬಿಡುವಿನಲ್ಲಿ ಅವರೇ ಫೋನ್ ಮಾಡಿದರು. ಬೆಳಗ್ಗೆ ಅತ್ತೆಗೆ ಎರಡನ್ನೂ, ಯಾರು ಹಾಡಿದ್ದು ಅಂತ ಹೇಳದೆ, ಕೇಳಿಸಿದರಂತೆ. ಹೊಸದನ್ನು ಕೇಳಿ ಅತ್ತೆ, ಯಾರೋ ರೇಡಿಯೊದವರು, ಚೆನ್ನಾಗಿ ಹಾಡವ್ರೆ ಅಂದರಂತೆ. ಹಳೆಯದು ಶುರುವಾಗಿ ಎರಡು ಸಾಲು ಆಗಿರಲಿಲ್ಲ, ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರಂತೆ.

“‘ಇದು ನೀನೇ ಕಣವ್ವ, ಹಿತ್ಲಲ್ಲಿ ಬಟ್ಟೆ ಹಿಂಡ್ವಾಗ ಹಿಂಗೇ ಹಾಡ್ಕೊಂತೀಯ’ ಅಂದ್ರು ಸಾರ್,” ಅಂದರು ಟೀಚರ್. ಕೂಡಲೇ ವ್ಯವಹಾರಕ್ಕೆ ಬಂದರು. “ಹಳೇದೇ ಇರ್ಲಿ. ಆದ್ರೆ ನನ್ ಹೆಸ್ರು ನಿಮ್ ಹೆಸ್ರಿಗಿಂತ ಮೇಲೆ ಬರ್ಬೇಕು. ಇನ್ಮೇಲೆ ಟ್ರ್ಯಾಕ್‌ಗೆ ಕರೀಬೇಡಿ.”

ಮೊದಲನೆಯದಕ್ಕೆ ತಕ್ಷಣ ಒಪ್ಪಿದೆ. ಎರಡನೆಯದಕ್ಕೆ ಚೌಕಾಶಿಗೆ ಇಳಿದೆ. ಗಣೇಶನ ಹಬ್ಬದ ಹಾಡುಗಳಿವೆ, ಎರಡೇ ಎರಡು ಹಾಡಿಕೊಡಿ ಅಂದೆ. ಇಲ್ಲ ಅಂದರು. ಒಂದು? ಇಲ್ಲ. ಆಚೆ ಕಡೆ ಬೆಲ್ಲು ಹೊಡೆಯಿತು, ಕ್ಲಾಸಿದೆ ಸಾರ್ ಅಂತ ಇಟ್ಟುಬಿಟ್ಟರು. ಜೀವಮಾನದಲ್ಲಿ ಇಷ್ಟು ಚೊಕ್ಕವಾಗಿ ನಾನು ಯಾವ ವ್ಯಾಪಾರವನ್ನೂ ಸೋತಿಲ್ಲ.

ಹಾಡು ಬಂತು, ಅವರ ಹೆಸರು ಮೇಲೆ, ನನ್ನದು ಕೆಳಗೆ. ಟ್ರ್ಯಾಕ್‌ಗೆ ಅಂಥವರು ಇನ್ನೊಬ್ಬರು ಸಿಗದೆ ಈಗ ನಾನೇ ಹಾಡುತ್ತೇನೆ. ಮೊನ್ನೆ ಹೀಗೇ ಒಂದು ಲಾಲಿ ಹಾಡಿಗೆ ಟ್ರ್ಯಾಕ್ ಹಾಡಿಟ್ಟಿದ್ದೆ. ಹಾಡು ಮಾಡಿಸಲು ಬಂದಿದ್ದವರು ಮೊದಲ ಸಾಲು ಕೇಳಿ, ಮೇನ್ ಸಿಂಗರ್ ಯಾವಾಗ ಬರ್ತಾರೆ ಸಾರ್ ಅಂತ ಕೇಳಿದರು. ಯಾರಾದರೆ ಚೆನ್ನ ಅಂತ ಯೋಚಿಸುವ ಪ್ರಮೇಯವೇ ಇರಲಿಲ್ಲ. ಭಾನುವಾರ ಬರ್ತಾರೆ ಅಂದು, ಅವರೆದುರೇ ಕುಣಿಗಲ್‌ಗೆ ಫೋನ್ ಮಾಡಿದೆ. ಎತ್ತಿದ ತಕ್ಷಣ ಮೊದಲು ಹೇಳಿದೆ, ಟ್ರ್ಯಾಕ್‌ಗಲ್ಲ ಮೇಡಂ.