ಮಟ್ಟ ಮಾಡಿದ ಮರಳು

ಹೋದ ತಿಂಗಳು ಬಚ್ಚಲ ನೀರಿನ ಪೈಪು ಕಟ್ಟಿಕೊಂಡಿತೆಂದು ಹಿತ್ತಲು ಅಗೆಸಿದೆವು. ಒಂದು ಗೇಣು ಹೋಗುವಷ್ಟರಲ್ಲಿ ಗುದ್ದಲಿಗೆ ಕೆಂಪು ಮಣ್ಣಿನ ಬದಲು ಕಪ್ಪು ಮರಳು ಹತ್ತಿತು. ಕೆಲಸದವನು ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಇಲ್ಲಿ ಮೊದಲು ಕುಲುಮೆ ಏನಾದರೂ ಇತ್ತೇ ಎಂದು ಕೇಳಿದ. ಇಲ್ಲಪ್ಪ, ಕೋಳಿಗೂಡಿತ್ತು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಕೋಳಿಗೂಡಿಗೂ ಫೌಂಡ್ರಿಯ ಮರಳಿಗೂ ಏನು ಸಂಬಂಧ ಎಂದು ಹೇಳಲು ಹೊರಟರೆ ಅವನ ಅರ್ಧ ದಿನದ ಕೂಲಿ ಕೇಳುವುದರಲ್ಲೇ ಕಳೆಯುತ್ತಿತ್ತು. ಸುಮ್ಮನೆ ಒಂದು ಹಿಡಿ ಎತ್ತಿ ಮೂಸಿದೆ. ಕಲ್ಲಿದ್ದಲ ಪುಡಿ, ಸುಟ್ಟ ಕಾಕಂಬಿ... ವಾಸನೆ ನಿಜಕ್ಕೂ ಉಳಿದಿತ್ತೋ, ನನ್ನ ಮೂಗೇ ಎಲ್ಲಿಂದಲೋ ಹುಡುಕಿ ತಂದಿತೋ.

ಆ ಮರಳನ್ನು ಅಲ್ಲಿಗೆ ತಂದು ಸುರಿದವನು ಪಕ್ಕದ ಮನೆಯ ಅಣ್ಣ.

ಮದುವೆಯಾಗಿ ನಾನು ಮಲವಗೊಪ್ಪದ ಈ ಸಾಲುಮನೆಗೆ ಬಂದಾಗ ಇಲ್ಲಿ ನಾಲ್ಕೇ ಮನೆ. ಹಿಂದುಗಡೆ ಲಂಟಾನದ ಪೊದೆ, ಅದರಾಚೆ ನೀರಿನ ಚಾನೆಲ್ಲು. ನಮ್ಮ ಮನೆಯವರಿಗೆ ಭದ್ರಾವತಿಯಲ್ಲಿ ಶಿಫ್ಟಿನ ಕೆಲಸ. ವಾರಕ್ಕೊಮ್ಮೆ ಹೊತ್ತು ಬದಲಾಗುತ್ತಿತ್ತು. ನನ್ನ ತವರು ಶಿವಮೊಗ್ಗದ ರವೀಂದ್ರನಗರ. ಬಸ್ಸು ಹತ್ತಿದರೆ ಎಷ್ಟು ದೂರ ಎನ್ನಬಹುದು. ಆದರೆ ಮದುವೆಯಾದ ಮರುವರ್ಷವೇ ಅಮ್ಮ ಹೋದಳು. ನನ್ನ ತಮ್ಮ ಹಿತ್ತಲನ್ನೆಲ್ಲ ಮುಚ್ಚಿ ಬಾಡಿಗೆಗೆ ಮನೆ ಕಟ್ಟಿಸಿದ. ಅಮ್ಮನ ಸೀರೆಗಳನ್ನು ಚಿಕ್ಕಮ್ಮಂದಿರು ಹಂಚಿಕೊಂಡರು. ನನ್ನ ಪಾಲಿಗೆ ಬಂದದ್ದು ಅಮ್ಮ ಸಾಕಿದ್ದ ಎರಡು ಹೇಂಟೆ, ಬುಟ್ಟಿಯಲ್ಲಿ ಹಳೇ ಟವೆಲು ಮುಚ್ಚಿಕೊಂಡು ಬಸ್ಸಿನಲ್ಲಿ ತಂದದ್ದು. ತಲೆಯ ಮೇಲೆ ಪುಟ್ಟ ಜುಟ್ಟಿರುವ ಜಾತಿ ಅದು. ಅಮ್ಮನಿಗೆ ಅವಳ ಅಮ್ಮ ಕೊಟ್ಟಿದ್ದಂತೆ. ಕಾವಿಗೆ ಕೂತರೆ ಒಂದು ಮೊಟ್ಟೆಯನ್ನೂ ಕೆಡಿಸದೆ ಎದ್ದು ಬರುವ ಕೋಳಿಗಳು. ಹಬ್ಬಕ್ಕೆ ಹುಂಜ ಕೊಯ್ದದ್ದುಂಟು, ಹೇಂಟೆಯನ್ನು ನಮ್ಮ ಮನೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಅವು ಬಂದ ಎರಡನೇ ವಾರವೇ ಒಂದನ್ನು ಮುಂಗುಸಿ ಎಳೆದುಕೊಂಡು ಹೋಯಿತು. ಮಟಮಟ ಮಧ್ಯಾಹ್ನ. ನಾನು ಪೊರಕೆ ಹಿಡಿದು ಪೊದೆಯವರೆಗೂ ಓಡಿ, ಮುಳ್ಳು ಚುಚ್ಚಿಸಿಕೊಂಡು, ನಾಲ್ಕು ಪುಕ್ಕ ಹಿಡಿದು ಅಳುತ್ತಾ ವಾಪಸು ಬರುವಾಗ ಪಕ್ಕದ ಮನೆಯಾತ ಬೇಲಿಯ ಆಚೆ ಹಲ್ಲುಜ್ಜುತ್ತಾ ನಿಂತಿದ್ದ. ರಾತ್ರಿ ಪಾಳಿ ಮುಗಿಸಿ ಮಲಗೆದ್ದ ಮುಖ. "ಕೋಳಿಗೆ ಅಳ್ತಾರಾ ಮಾರಾಯ್ತಿ?" ಎಂದ. ನಾನು, ಇದು ಕೋಳಿಯಲ್ಲ, ನನ್ನ ತವರು ಎಂದುಬಿಟ್ಟೆ. ಈಗ ನೆನೆದರೆ ನಾಟಕದ ಮಾತಿನ ಹಾಗೆ ಕೇಳಿಸುತ್ತದೆ. ಆಗ ಅದು ನಾಟಕವಾಗಿರಲಿಲ್ಲ. ಆತ ಬಾಯಿ ಮುಕ್ಕಳಿಸಿ, "ಹಾಗಿದ್ರೆ ನಾನು ಅಣ್ಣ ಅಂದ್ಕೋ. ಉಳಿದಿರೋದನ್ನ ನಾನು ಕಾಯ್ತೀನಿ" ಎಂದ.

ಅಂದಿನಿಂದ ಅವನು ಅಣ್ಣ, ಅವನ ಹೆಂಡತಿ ಅತ್ತಿಗೆ. ಗೌರಿ ಹಬ್ಬಕ್ಕೆ ಮೊರದ ಬಾಗಿನ ಅವರ ಮನೆಯಿಂದಲೇ ಬರುತ್ತಿತ್ತು. ತಮ್ಮ ಮರೆತ ವರ್ಷವೂ ಅಣ್ಣ ಮರೆಯಲಿಲ್ಲ.

ಅಣ್ಣ ಒಂದು ಖಾಸಗಿ ಫೌಂಡ್ರಿಯಲ್ಲಿ ಪ್ಯಾಟ್ರನ್ ಮಾಡುವವನು. ಕಬ್ಬಿಣದ ಎರಕ ಹೊಯ್ಯುವ ಮೊದಲು ಆ ವಸ್ತುವನ್ನು ಮರದಲ್ಲಿ ಕಡೆಯಬೇಕು. ಮರದ್ದನ್ನು ಕಪ್ಪು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು. ಹೀಗೆ ನನಗೆ ವಿವರಿಸುವಾಗ ಅವನ ಕೈಗಳು ಗಾಳಿಯಲ್ಲೇ ಏನನ್ನೋ ಸವರುತ್ತಿದ್ದವು. ಆ ಕೈಗಳೇ ನಮಗೆ ಗೂಡು ಕಟ್ಟಿದ್ದು. ನಾಲ್ಕು ಕಾಲಿನ ಮೇಲೆ ಎತ್ತರಿಸಿದ ಮರದ ಪೆಟ್ಟಿಗೆ, ಸುತ್ತ ಜಾಲರಿ, ಬಾಗಿಲಿಗೆ ತೇಗದ ಅಗುಳಿ. ಆ ಅಗುಳಿಯನ್ನು ಮೊದಲು ಮೇಲೆತ್ತಿ, ಆಮೇಲೆ ತಿರುಗಿಸಿ, ಕೊನೆಗೆ ಎಳೆಯಬೇಕು. "ಮುಂಗುಸಿ ಎಷ್ಟೇ ಬುದ್ಧಿವಂತ ಆಗ್ಲಿ, ಇದನ್ನ ತೆಗೆಯೋಕೆ ಬೆರಳಿರೋ ಕೈಯೇ ಬೇಕು" ಎಂದು ಅಣ್ಣ ಹೆಮ್ಮೆಪಟ್ಟಿದ್ದ.

ಹದ್ದಿನ ಕಾಟಕ್ಕೂ ಅವನದೊಂದು ಉಪಾಯವಿತ್ತು. ಸುತ್ತಿಕೊಂಡು ಹಾಳಾದ ಭಕ್ತಿಗೀತೆಯ ಕ್ಯಾಸೆಟ್ಟಿನ ಟೇಪನ್ನು ಬಿಚ್ಚಿ ಹಿತ್ತಲಿಗೆ ಅಡ್ಡಡ್ಡ ಕಟ್ಟಿದ. ಗಾಳಿ ಬಂದರೆ ಅದು ಹೊಳೆದು ಗುಂಯ್ ಎನ್ನುತ್ತಿತ್ತು. ದೇವರ ಹಾಡು ಕೇಳಿ ಹದ್ದು ಅಲ್ಲಿಂದಲೇ ಕೈಮುಗಿದು ಹೋಗುತ್ತದೆ ಎಂದು ಅತ್ತಿಗೆ ನಗುತ್ತಿದ್ದಳು. ಹದ್ದು ಬರುವುದು ನಿಂತದ್ದಂತೂ ನಿಜ.

ಆದರೆ ಅವನ ದೊಡ್ಡ ಉಪಾಯ ಆ ಕಪ್ಪು ಮರಳು. ಫೌಂಡ್ರಿಯಲ್ಲಿ ಬಳಸಿ ಎಸೆದದ್ದನ್ನು ಸೈಕಲ್ಲಿನ ಮೇಲೆ ಮೂಟೆ ಮೂಟೆ ತಂದು ಗೂಡಿನ ಸುತ್ತ ಹಾಸಿದ. ಸಂಜೆ ಒಂದಿಷ್ಟು ನೀರು ಚಿಮುಕಿಸಿ, ಮರದ ಪಟ್ಟಿಯಿಂದ ಎಳೆದು ಮಟ್ಟ ಮಾಡಬೇಕು. ಬೆಳಿಗ್ಗೆ ಎದ್ದು ನೋಡಿದರೆ ಯಾರು ಬಂದಿದ್ದರು, ಎತ್ತಲಿಂದ ಬಂದರು, ಎಷ್ಟು ಸುತ್ತು ಹಾಕಿದರು ಎಲ್ಲ ಅದರಲ್ಲಿ. ಉಗುರಿನ ಗೆರೆ ಮುಂದಕ್ಕೆ ಚಾಚಿದ್ದರೆ ಮುಂಗುಸಿ. ಉಗುರೇ ಕಾಣದಿದ್ದರೆ ಮನೆಯ ಬೆಕ್ಕು. ಹಗ್ಗ ಎಳೆದ ಹಾಗಿದ್ದರೆ ಮೊಟ್ಟೆಗೆ ಬಂದ ಹಾವು. ಎತ್ತಲಿಂದ ಬಂದಿದೆ ಎಂದು ತಿಳಿದರೆ ಆ ಕಡೆ ಬೇಲಿಗೆ ಮುಳ್ಳು ತುಂಬಿಸಿದರಾಯಿತು. ಓದು ಬರಹ ಕಲಿತ ನನಗೆ ಆ ಮರಳನ್ನು ಓದಲು ಕಲಿಸಿದವನು ಏಳನೇ ಕ್ಲಾಸು ದಾಟದ ಅಣ್ಣ.

ಮಟ್ಟ ಮಾಡುವುದನ್ನು ಮಾತ್ರ ನಾನು ಕೊನೆಗೂ ಕಲಿಯಲಿಲ್ಲ. ನಾನು ಎಳೆದರೆ ಮರಳು ಅಲೆಯಲೆಯಾಗಿ ನಿಲ್ಲುತ್ತಿತ್ತು, ರೊಟ್ಟಿಗೆ ಹಿಟ್ಟು ತಟ್ಟಿ ಬಿಟ್ಟ ಹಾಗೆ. ಅಣ್ಣ ಒಂದೇ ಎಳೆತಕ್ಕೆ ಕನ್ನಡಿ ಮಾಡುತ್ತಿದ್ದ. "ನಿನ್ನ ಮರಳಲ್ಲಿ ಎರಕ ಹೊಯ್ದರೆ ಮೋಟಾರಿನ ಬದಲು ಇಡ್ಲಿ ಆಗುತ್ತೆ ತಂಗಿ" ಎಂದು ಛೇಡಿಸುತ್ತಿದ್ದ. ಸೊಟ್ಟ ಕೆಲಸ ಮಾಡು ಎಂದು ಕತ್ತಿ ಹಿಡಿದರೂ ಮಾಡಲಾರದ ಕೈ ಅದು.

ಹೀಗೆ ನಾಲ್ಕೈದು ವರ್ಷ ನಡೆಯಿತು, ಆ ಒಂದು ಹೇಂಟೆಯಿಂದಲೇ ಹಿತ್ತಲು ತುಂಬ ಕೋಳಿಗಳಾದವು. ಆಮೇಲೆ ಒಂದು ಬೇಸಿಗೆಯಲ್ಲಿ ಕೊಕ್ಕರೆರೋಗ ಬಂದು ಹಿತ್ತಲಿನ ಕೋಳಿಗಳೆಲ್ಲ ತೂಕಡಿಸಿ ತೂಕಡಿಸಿ ಸತ್ತವು. ಉಳಿದದ್ದು ಒಂದೇ ಹೇಂಟೆ. ಜುಟ್ಟಿ ಎಂದು ಕರೆಯುತ್ತಿದ್ದೆ. ಮಳೆಗಾಲ ಮುಗಿದ ಮೇಲೆ ಅದು ಮತ್ತೆ ಮೊಟ್ಟೆ ಇಡಲು ಶುರುಮಾಡಿತು. ಹುಂಜ ನಾಲ್ಕನೇ ಮನೆಯವರದ್ದು. ಒಂದೊಂದೇ ಮೊಟ್ಟೆಯನ್ನು ರಾಗಿ ಡಬ್ಬದಲ್ಲಿ ಹೂತಿಟ್ಟೆ. ಒಂಬತ್ತಾದವು. ಜುಟ್ಟಿ ಗೂಡಿನ ಮೂಲೆ ಬಿಟ್ಟು ಏಳದೆ, ಪುಕ್ಕ ಉಬ್ಬಿಸಿ ಗೊರ್ ಎನ್ನತೊಡಗಿತು. ಕಾವಿಗೆ ಬಂದಿದೆ, ಸೋಮವಾರ ಒಳ್ಳೆಯ ದಿನ, ಅವತ್ತೇ ಕೂರಿಸು ಎಂದವನು ಅಣ್ಣನೇ.

ಆಗ ಅವನ ಫೌಂಡ್ರಿಯಲ್ಲಿ ಮರದ ಪ್ಯಾಟ್ರನ್ ನಿಲ್ಲಿಸಿ ಹೊರಗಿನಿಂದ ರೆಡಿ ಅಚ್ಚು ತರಿಸುವ ಮಾತು ನಡೆಯುತ್ತಿತ್ತು. ಆರು ಜನರಲ್ಲಿ ಇಬ್ಬರನ್ನು ಇಟ್ಟುಕೊಳ್ಳುತ್ತಾರಂತೆ ಎಂದು ಅತ್ತಿಗೆ ಬೇಲಿಯ ಹತ್ತಿರ ಪಿಸುಗುಟ್ಟಿದ್ದಳು. ಭಾನುವಾರ ಫೌಂಡ್ರಿಯ ಯಜಮಾನರನ್ನು ಊಟಕ್ಕೆ ಕರೆದಿದ್ದೇವೆ ಎಂದೂ ಹೇಳಿದ್ದಳು. ನಾನು ಅವರಿಗಾಗಿ ನನ್ನ ಹೊಸ ಸ್ಟೀಲು ಲೋಟಗಳನ್ನು ಕೊಟ್ಟು ಕಳಿಸಿದೆ.

ಆ ಭಾನುವಾರ ಬೆಳಿಗ್ಗೆ ರಸ್ತೆಯ ನಲ್ಲಿಯಲ್ಲಿ ನೀರು ಬಂದಿತ್ತು. ನಲ್ಲಿ ಹತ್ತಿರ ನಿಂತರೆ ಒಂದು ಗಂಟೆ ಹೋಯಿತೆಂದೇ ಲೆಕ್ಕ. ಕೊನೆಯ ಕೊಡ ಇಳಿಸಿ ಹಿತ್ತಲಿಗೆ ಹೋದರೆ ಗೂಡಿನ ಬಾಗಿಲು ತೆರೆದಿತ್ತು. ಜುಟ್ಟಿ ಇರಲಿಲ್ಲ. ನನ್ನ ಕೂಗಿಗೆ ಅಣ್ಣ ರಸ್ತೆಯ ಕಡೆಯಿಂದ ಸುತ್ತಿ ಓಡಿಬಂದ. ಬಾಗಿಲ ಮುಂದೆ ಮೊಣಕಾಲೂರಿ ಕೂತು ಮರಳನ್ನು ನೋಡಿದ. ನಾಲ್ಕು ಹೆಜ್ಜೆ ಬೆರಳಿಟ್ಟು ತೋರಿಸಿದ. ಕಾಡುಬೆಕ್ಕು ಎಂದ. ಅಗುಳಿ ಮುಟ್ಟಿ ನೋಡಿ, ನನ್ನ ಮುಖ ನೋಡದೆ ಹೇಳಿದ:

"ನಿನ್ನೆ ಅಗುಳಿ ಹಾಕೋದು ಮರ್ತಿದ್ದೀಯ ತಂಗಿ. ಹೋಗ್ಲಿ ಬಿಡು. ಯಾರ ಕೈಲಾದ್ರೂ ಆಗುತ್ತೆ."

ಹಿಂದಿನ ಸಂಜೆಯನ್ನು ಎಷ್ಟು ಸಲ ನೆನೆದೆನೋ. ಎತ್ತಿದ್ದೆ, ತಿರುಗಿಸಿದ್ದೆ, ತಳ್ಳಿದ್ದೆ... ತಳ್ಳಿದ್ದೆನೇ? ಹಾಲಿನವನು ಕೂಗಿದ್ದು ಆಗಲೇ ಅಲ್ಲವೇ? ಅಣ್ಣನೇ ಹೇಳಿದ ಮೇಲೆ ಇನ್ನೇನು. ಅಮ್ಮನ ಕಾಲದಿಂದ ಬಂದದ್ದನ್ನು ನನ್ನ ಕೈಯಾರೆ ಕಳೆದೆ ಎಂದು ತಲೆ ಚಚ್ಚಿಕೊಂಡೆ. ನಮ್ಮ ಮನೆಯವರು ಬೆಳಗಿನ ಪಾಳಿಗೆ ಹೋಗಿದ್ದರು. ಅಡುಗೆ ಮಾಡಲಿಲ್ಲ.

ಮಧ್ಯಾಹ್ನ ಪಕ್ಕದ ಮನೆಯ ಮುಂದೆ ಕಾರು ಬಂದು ನಿಂತಿತು, ಹೊರಟೂ ಹೋಯಿತು. ಆಮೇಲೆ ಅಣ್ಣನೇ ಒಂದು ಸ್ಟೀಲು ಡಬ್ಬಿ ತಂದ. ಅನ್ನ, ಮೇಲೆ ಕೋಳಿ ಸಾರು. ಸಂತೆಯಿಂದ ತಂದದ್ದು, ಅಳುತ್ತಾ ಕೂರಬೇಡ, ಉಣ್ಣು ಎಂದ. ನಾನು ಬೇಡವೆಂದರೂ ತಟ್ಟೆ ತಂದು ತಾನೇ ಬಡಿಸಿದ. ಎರಡು ತುತ್ತು ತಿಂದ ಮೇಲೆ ಹಸಿವು ತಿಳಿಯಿತು. ಉಂಡೆ. ಇಂಥ ಅಣ್ಣ ಇರುವಾಗ ನನಗೇನು ಎಂದುಕೊಳ್ಳುತ್ತಲೇ ಉಂಡೆ.

ಸಂಜೆ ಅಭ್ಯಾಸಬಲದಿಂದ ನೀರು ಹಿಡಿದು ಗೂಡಿನ ಹತ್ತಿರ ಹೋದೆ. ಕಾಯಲು ಏನೂ ಉಳಿದಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ನೆನಪಾಯಿತು. ವಾಪಸು ತಿರುಗುವಾಗ ಕಣ್ಣಿಗೆ ಬಿತ್ತು. ಗೂಡಿನ ಮುಂದಿನ ಮರಳು, ನಾವು ತುಳಿದದ್ದು ಬಿಟ್ಟರೆ, ನಾನು ಎಳೆದ ಹಾಗೆಯೇ ಅಲೆಯಲೆ. ಗೂಡಿನ ಪಕ್ಕದಿಂದ ಬೇಲಿಯ ಕಿಂಡಿಯವರೆಗೆ, ಅಂದರೆ ಅಣ್ಣನ ಮನೆಯ ಕಡೆಗೆ, ಎರಡಡಿ ಅಗಲ ಮರಳು ಕನ್ನಡಿಯ ಹಾಗಿತ್ತು. ಒಂದು ಗೆರೆ ಇಲ್ಲ, ಒಂದು ಕಲ್ಲು ಇಲ್ಲ. ಬಾಗಿಲ ಮುಂದಿನ ನಾಲ್ಕು ಹೆಜ್ಜೆಗಳನ್ನು ಬಗ್ಗಿ ನೋಡಿದೆ. ಅಂಚು ಕೂಡ ಕದಡದ ಅಚ್ಚು. ಕೊಬ್ಬಿದ ಕೋಳಿಯನ್ನು ಕಚ್ಚಿ ಎಳೆದ ಬೆಕ್ಕು ಅಷ್ಟು ಅಂದವಾಗಿ ಕಾಲಿಡುತ್ತದೆಯೇ? ಬಂದ ಹೆಜ್ಜೆ ಅವು. ಹೋದ ಹೆಜ್ಜೆ ಎಲ್ಲಿಯೂ ಇರಲಿಲ್ಲ.

ಬೆಕ್ಕಿನ ಹೆಜ್ಜೆಗಳನ್ನು ಕೈಯಿಂದ ಒತ್ತಿ, ತನ್ನ ಕಾಲಿನ ಗುರುತು ಅಳಿಸಲು ಪಟ್ಟಿ ಎಳೆದಿದ್ದ ಅಣ್ಣ. ಎಳೆಯುವಾಗ ನನ್ನ ಹಾಗೆ ಸೊಟ್ಟಗೆ ಎಳೆಯಬೇಕು ಎಂಬುದು ಅವನಿಗೆ ಹೊಳೆದಿರಲಿಲ್ಲ, ಅಥವಾ ಹೊಳೆದರೂ ಕೈ ಕೇಳಿರಲಿಲ್ಲ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ನಮ್ಮ ಸಾಲಿನಲ್ಲಿ ಯಾರೂ ಯಾರ ಪಾತ್ರೆಯನ್ನೂ ಬರಿದಾಗಿ ವಾಪಸು ಕೊಡುತ್ತಿರಲಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆ, ಒಂದು ನಿಂಬೆಹಣ್ಣು, ಅದೂ ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿ. ಆ ಮನೆಗೆ ನಾನು ಎಷ್ಟೋ ಸಲ ಜುಟ್ಟಿಯ ಮೊಟ್ಟೆ ಇಟ್ಟು ಕೊಟ್ಟಿದ್ದೆ. ಮರುದಿನ, ಕಾವು ಕೂರಿಸಬೇಕಿದ್ದ ಆ ಸೋಮವಾರ, ಡಬ್ಬಿಯನ್ನು ಬೆಳಗಿ, ಒರೆಸಿ, ಬರಿದಾಗಿ ತೆಗೆದುಕೊಂಡು ಹೋದೆ. ಅಣ್ಣ ಬಾಗಿಲಲ್ಲೇ ಇದ್ದ. ಅಭ್ಯಾಸದಂತೆ ಮುಚ್ಚಳ ತೆಗೆದು ಒಳಗೆ ನೋಡಿದ. ಬಹಳ ಹೊತ್ತು ನೋಡಿದ, ತಳದಲ್ಲಿ ಏನೋ ಬರೆದಿರುವ ಹಾಗೆ.

"ಮರಳು ನೋಡ್ದೆ ಅಣ್ಣ" ಎಂದೆ.

ಅವನು ಇಲ್ಲವೆನ್ನಲಿಲ್ಲ. ಯಜಮಾನರಿಗೆ ಫಾರಂ ಕೋಳಿ ಆಗುವುದಿಲ್ಲ ಎಂದು ಶನಿವಾರ ರಾತ್ರಿ ಹೇಳಿ ಕಳಿಸಿದ್ದರಂತೆ. ಅಷ್ಟು ಹೊತ್ತಿನಲ್ಲಿ ಊರ ಕೋಳಿ ಎಲ್ಲಿ ಹುಡುಕುವುದು ಎಂದ. ಆಮೇಲೆ ಕೇಳಿದ: "ಕೇಳಿದ್ರೆ ಕೊಡ್ತಿದ್ಯಾ?"

"ಕೊಡ್ತಿರಲಿಲ್ಲ."

"ಅದಕ್ಕೇ ಕೇಳ್ಲಿಲ್ಲ."

ಅಲ್ಲಿಗೆ ಮುಗಿಸಿಬಿಡಬಹುದಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಕೋಳಿ ಹೋಯ್ತು ಅನ್ನೋದಲ್ಲ ಅಣ್ಣ. ಅಗುಳಿ ಹಾಕೋದು ನಾನು ಮರ್ತೆ ಅಂದ್ಯಲ್ಲ."

ಅವನು ಡಬ್ಬಿಯ ಮುಚ್ಚಳವನ್ನು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು ಮಾಡುತ್ತಾ ನಿಂತ. ಒಳಗಿನಿಂದ ಅತ್ತಿಗೆಯ ಬಿಕ್ಕು ಕೇಳಿಸಿತು. ನಾನು ಬಂದುಬಿಟ್ಟೆ.

ಒಂಬತ್ತು ಮೊಟ್ಟೆಗಳಿಗೆ ಕಾವು ಕೋಳಿ ಕೇಳಿಕೊಂಡು ಮಲವಗೊಪ್ಪವೆಲ್ಲ ತಿರುಗಿದೆ. ಕೊನೆಗೆ ಒಬ್ಬರು ಕೊಟ್ಟ ಕೋಳಿ ಮೂರು ದಿನ ಕೂತು ಎದ್ದು ಹೋಯಿತು. ಅಮ್ಮನ ಜುಟ್ಟಿನ ಜಾತಿ ಅಲ್ಲಿಗೆ ಮುಗಿಯಿತು.

ಇಬ್ಬರನ್ನು ಉಳಿಸಿಕೊಂಡರಲ್ಲ, ಅದರಲ್ಲಿ ಅಣ್ಣನೂ ಒಬ್ಬ. ಕೋಳಿಯಿಂದಲೋ, ಕೈಯ ಕಸುಬಿನಿಂದಲೋ, ಯಾರಿಗೆ ಗೊತ್ತು. ಎರಡು ವರ್ಷ ಕಳೆದು ಆ ಕೆಲಸವನ್ನೇ ನಿಲ್ಲಿಸಿದರು. ಅವರು ಹರಿಹರದ ಕಡೆ ಹೊರಟರು. ಆ ಎರಡು ವರ್ಷವೂ ಗೌರಿ ಹಬ್ಬಕ್ಕೆ ಬಾಗಿನ ಬಂತು. ಅತ್ತಿಗೆಯ ಕೈಯಿಂದ ತೆಗೆದುಕೊಂಡೆ. ಬಾಗಿನ ಬೇಡವೆನ್ನಲು ಮನಸ್ಸು ಬರಲಿಲ್ಲ. ಅಣ್ಣನ ಕಾಲಿಗೆ ಬೀಳಲು ಮಾತ್ರ ಹೋಗಲಿಲ್ಲ. ಹೊರಡುವ ದಿನ ಲಾರಿ ಹೋದ ಮೇಲೆ ನೋಡಿದರೆ, ಅವನ ಮರದ ಪಟ್ಟಿ ನಮ್ಮ ಖಾಲಿ ಗೂಡಿಗೆ ಒರಗಿಸಿಟ್ಟಿತ್ತು. ಮರೆತು ಹೋದನೋ, ನನಗೆಂದೇ ಬಿಟ್ಟನೋ... ಆಮೇಲೆ ಎಂದೋ, ಅಲ್ಲೇ ತೀರಿಕೊಂಡ ಎಂದು ಕೇಳಿದೆ. ಹೋಗಲಿಲ್ಲ. ಆ ದಿನ ತಲೆಗೆ ನೀರು ಹಾಕಿಕೊಂಡೆ, ಅಷ್ಟೆ.

ಈ ಮನೆಯನ್ನು ನಾವು ಆಮೇಲೆ ಕೊಂಡುಕೊಂಡೆವು. ಲಂಟಾನ ಹೋಗಿ ಸೈಟುಗಳಾದವು. ಮುಂಗುಸಿ ಕಾಣದೆ ಯಾವ ಕಾಲವಾಯಿತೋ. ನಾನು ಮತ್ತೆ ಕೋಳಿ ಸಾಕಲಿಲ್ಲ.

ಪೈಪು ಸರಿಹೋದ ಮೇಲೆ ಕೆಲಸದವನು ಕಪ್ಪು ಮರಳನ್ನು ಹೊರಗೆ ಹಾಕಲೇ ಎಂದು ಕೇಳಿದ. ಬೇಡ, ಅದನ್ನೇ ಗುಂಡಿಗೆ ತುಂಬು ಎಂದೆ. ಅವನು ಹೋದ ಮೇಲೆ ಅಟ್ಟದಿಂದ ಪಟ್ಟಿ ಇಳಿಸಿ, ನೀರು ಚಿಮುಕಿಸಿ, ಮೇಲೆ ಒಂದು ಸಲ ಎಳೆದೆ. ಅಲೆಯಲೆ. ಇಷ್ಟು ವಯಸ್ಸಾದರೂ ಬರಲಿಲ್ಲ. ಹತ್ತಿರ ನಿಂತು ಛೇಡಿಸುವವರಿಲ್ಲ ಎನಿಸಿತು. ಹಾಗೆನಿಸಿದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಆ ಶನಿವಾರ ಸಂಜೆ ನಾನು ಅಗುಳಿ ಹಾಕಿದ್ದೆ. ಎತ್ತಿ, ತಿರುಗಿಸಿ, ಕೊನೆಯವರೆಗೂ ತಳ್ಳಿದ್ದೆ. ಅದು ನನಗೆ ಗೊತ್ತು, ಅವನೂ ಒಪ್ಪಿಕೊಂಡ. ಆದರೂ ಇಂದಿಗೂ ಯಾವ ಬಾಗಿಲು ಹಾಕಿದರೂ ಹತ್ತು ಹೆಜ್ಜೆ ಹೋಗಿ ವಾಪಸು ಬಂದು ಚಿಲಕ ಮುಟ್ಟಿ ನೋಡುತ್ತೇನೆ. ಮಕ್ಕಳು ನಗುತ್ತಾರೆ. ಹಾಕಿಯೇ ಇರುತ್ತದೆ.